ವಾರ್ಡಿನಿಂದ ಸಲಹೆಯ ಮೇಜಿಗೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ನಿಮಿತ್ತ ನಡೆದಿರುವ ಸಭೆಗಳಲ್ಲಿ ನಮ್ಮ ಧರ್ಮಕೇಂದ್ರದ ಗತಕಾಲವನ್ನು ಕುರಿತು ಬಲ್ಲವರು ನನಗಿಂತ ಚೆನ್ನಾಗಿ ಮಾತನಾಡಿದ್ದಾರೆ. ಯುವಜನರ ಈ ಸಭೆಗಾಗಿ ನನಗೆ ಒಪ್ಪಿಸಲಾದ ವಿಷಯ ‘ಉದ್ಯೋಗವೂ ದೈವಕರೆಯೂ’ ಎಂಬುದು. ಗುರುಮಠದಲ್ಲಿ ಕಲಿತ ಪಾಠಗಳನ್ನೇ ಮರಳಿ ಒಪ್ಪಿಸಿ ನನ್ನ ಹೊಣೆಯನ್ನು ತೀರಿಸಿಕೊಳ್ಳಬಹುದಾಗಿತ್ತು. ಆದರೆ ಕೆಲವು ತಿಂಗಳುಗಳ ಹಿಂದೆ ಹುನ್ನೂರಿನ ತಾಯಿಯೊಬ್ಬರು ನನ್ನ ಬಳಿಗೆ ಬಂದು ಕೇಳಿದ ಒಂದು ಪ್ರಶ್ನೆ ಅಂದಿನಿಂದಲೂ ನನ್ನನ್ನು ಕಾಡುತ್ತಿರುವುದರಿಂದ, ಇಂದಿನ ಮಾತನ್ನು ಆ ಪ್ರಶ್ನೆಗೇ ಮೀಸಲಿಡುತ್ತೇನೆ. ತಾಯಿ ಮಗಳಿಬ್ಬರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ.

ಆ ತಾಯಿಯ ಮಗಳು ದಾದಿ. ಹನ್ನೊಂದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದವಳು. ಬಿಡುವಿನ ವೇಳೆಯಲ್ಲಿ ಆಸ್ಪತ್ರೆಯ ಆಡಳಿತವನ್ನು ಕುರಿತ ಶಿಕ್ಷಣವನ್ನೂ ಪಡೆದು, ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಆಡಳಿತದ ಸಲಹೆ ನೀಡುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಲು ಒಪ್ಪಿಕೊಂಡಿದ್ದಳು. ಸುದ್ದಿ ತಿಳಿದ ದಿನ ತಾಯಿ ಸಂತೋಷದಿಂದಲೇ ಬಂದಿದ್ದರು. “ಫಾದರ್, ಮಗಳು ಕನ್ಸಲ್ಟಂಟ್ ಆಗ್ಯಾಳ್ರಿ. ಜಮಖಂಡಿ ದವಾಖಾನಿ ಬೋರ್ಡಿನ ಮ್ಯಾಲ ದೊಡ್ಡ ಡಾಕ್ಟರ ಹೆಸರಿನ ಮುಂದ ಹಂಗ ಬರದಿರತಾರಲ್ಲ?” ಎಂದರು. ಅದು ಬೇರೆ, ಇದು ಬೇರೆ ಎಂದು ನಾನು ವಿವರಿಸಿದೆ. ವಿವರಿಸುತ್ತಿದ್ದಂತೆಯೇ ಅವರ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದರ ರೋಗಿಗಳನ್ನ ಬಿಟ್ಟು ಲೆಕ್ಕಾ ಬರಿಯಾಕ ಹೊಂಟಾಳೇನ್ರಿ? ಕಬ್ಬಿನ ಕೂಲಿ ಮಾಡಿ ಓದಿಸಿದ್ದು ಇದಕ್ಕೇನ್ರಿ?” ಎಂದು ಕೇಳಿದರು.

ಮುಂದೆ ಮಗಳೂ ಊರಿಗೆ ಬಂದಳು. ಆಕೆಯ ಪ್ರಶ್ನೆ ಇನ್ನೂ ಚಿಕ್ಕದಾಗಿತ್ತು: “ಫಾದರ್, ನಾ ಓಡಿ ಹೊಂಟೀನೇನ್ರಿ?”

ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಪ್ರಾರ್ಥನೆ ಮಾಡೋಣ ಎಂದೆ. ಪ್ರಾರ್ಥನೆ ಮಾಡೋಣ ಎಂಬುದು ಒಳ್ಳೆಯ ಮಾತೇ ಸರಿ. ಆದರೆ ಉತ್ತರ ತೋಚದ ಗುರುವಿಗೆ ಅದು ಒಳ್ಳೆಯ ಆಸರೆಯೂ ಆಗುತ್ತದೆಂಬುದನ್ನು ನಲವತ್ತು ವರ್ಷಗಳ ಅನುಭವದಿಂದ ಬಲ್ಲೆ. ಇಂದು ಕೊಡುತ್ತಿರುವುದು ಅಂದು ಕೊಡಬೇಕಾಗಿದ್ದ ಉತ್ತರ.

ಮೊದಲು ಈ ವೃತ್ತಿ ಎಂತಹುದೆಂಬುದನ್ನು ಹೇಳಬೇಕು. ನಮ್ಮ ಸುತ್ತಿನಲ್ಲಿ ಬೆಲ್ಲದ ಗಾಣವಿಟ್ಟವರಿಗೆ, ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವವರಿಗೆ ಗೊತ್ತಿರುವ ಸಂಗತಿಯಿದು: ನಷ್ಟವಾದಾಗ ತನ್ನ ಮನೆಯ ತಪ್ಪು ತನಗೆ ಕಾಣುವುದಿಲ್ಲ, ಹೊರಗಿನಿಂದ ಬಂದ ಅನುಭವಿಯ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಹೀಗೆ ಹೊರಗಿನಿಂದ ಬಂದು, ನೋಡಿ, ಅಳೆದು, ಬರೆದುಕೊಟ್ಟು, ಸಂಭಾವನೆ ಪಡೆದು ಹೋಗುವುದೇ ಆಡಳಿತ ಸಲಹೆಗಾರರ ಕಸುಬು. ಅಮೆರಿಕದಲ್ಲಿ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊಳೆತು, 1926ರಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸೆ ಚಿಕಾಗೋದಲ್ಲಿ ಆರಂಭಿಸಿದ ಸಂಸ್ಥೆಯಂಥವುಗಳ ಮೂಲಕ ಜಗತ್ತಿಗೆಲ್ಲ ಹಬ್ಬಿತು. ನಮ್ಮ ನಾಡಿನ ಆಸ್ಪತ್ರೆಗಳಿಗೆ ಅದು ತಡವಾಗಿ ಬಂದಿತು. ಬಂದುದಕ್ಕೆ ಕಾರಣವೂ ಇತ್ತು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಆರಂಭವಾಯಿತು, 2018ರಲ್ಲಿ ಆಯುಷ್ಮಾನ್ ಭಾರತ ಬಂದಿತು. ಇಂಥ ಶಸ್ತ್ರಕ್ರಿಯೆಗೆ ಇಷ್ಟೇ ಹಣ, ಇಂತಿಂಥ ಕಾಗದಗಳಿದ್ದರೆ ಮಾತ್ರ ಎಂಬ ನಿಯಮ ಬಂದಿತು. ನಡುವೆ 2005ರಲ್ಲಿ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿಯೂ ಸ್ಥಾಪನೆಯಾಯಿತು. ಮದರ್ ಸುಪೀರಿಯರ್ ತಮ್ಮ ಕಪಾಟಿನಲ್ಲಿಟ್ಟ ಒಂದು ನೋಟುಬುಕ್ಕಿನಿಂದ ಆಸ್ಪತ್ರೆ ನಡೆಯುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ರೋಗಿಯ ಹಾಸಿಗೆಯಿಂದ ಎದ್ದು ಲೆಕ್ಕದ ಮೇಜಿಗೆ ಹೋದವರಲ್ಲಿ ಈ ಮಗಳು ಮೊದಲಿಗಳಲ್ಲ. ಎಲ್ಲ ದಾದಿಯರೂ ತಾಯಿಯೆಂದು ಸ್ಮರಿಸುವ ಫ್ಲಾರೆನ್ಸ್ ನೈಟಿಂಗೇಲರ ಚಿತ್ರದಲ್ಲಿ ನಾವು ದೀಪವನ್ನಷ್ಟೇ ನೋಡುತ್ತೇವೆ. ಆಕೆ ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಲ್ಲಿ ದೀಪ ಹಿಡಿದು ನಡೆದುದು 1854ರಿಂದ 1856ರವರೆಗೆ, ಎರಡು ವರ್ಷಗಳೂ ತುಂಬಲಿಲ್ಲ. 1910ರಲ್ಲಿ ತೀರಿಕೊಳ್ಳುವವರೆಗೆ ಉಳಿದ ದೀರ್ಘ ಆಯುಷ್ಯದ ಬಹುಭಾಗ ಆಕೆ ಹಿಡಿದುದು ಲೇಖನಿಯನ್ನು, ಅದೂ ಬಹುಕಾಲ ತನ್ನದೇ ರೋಗಶಯ್ಯೆಯ ಮೇಲಿಂದ. 1858ರಲ್ಲಿ ಲಂಡನ್ನಿನ ಅಂಕಿಅಂಶಶಾಸ್ತ್ರದ ಸಂಘಕ್ಕೆ ಆರಿಸಿ ಬಂದ ಮೊದಲನೆಯ ಮಹಿಳೆ ಆಕೆಯೇ. ಭಾರತಕ್ಕೆ ಕಾಲಿಡದೆಯೇ ಇಲ್ಲಿನ ದಂಡುಗಳಿಂದ ಕಾಗದಪತ್ರಗಳನ್ನು ತರಿಸಿ, ಸೈನಿಕರು ಗುಂಡಿಗಿಂತ ಹೆಚ್ಚಾಗಿ ಕೊಳಕು ನೀರಿನಿಂದ ಸಾಯುತ್ತಿದ್ದಾರೆಂದು ಸಾರಿದರು. ಆ ಕುರಿತ ರಾಜಾಯೋಗದ ವರದಿ 1863ರಲ್ಲಿ ಹೊರಬಿದ್ದಿತು. ಸಾವಿರ ಸೈನಿಕರಲ್ಲಿ ವರ್ಷಕ್ಕೆ 69 ಇದ್ದ ಮರಣ 18ಕ್ಕೆ ಇಳಿದಿದೆಯೆಂದು ಹತ್ತು ವರ್ಷಗಳ ಅನಂತರ ಆಕೆ ತಿಳಿಸಿದರು. ದೀಪ ಹಿಡಿದು ಅಷ್ಟು ಜನರನ್ನು ಉಳಿಸಲು ಆಗುತ್ತಿರಲಿಲ್ಲ. ಆದರೆ ದೀಪ ಹಿಡಿಯದೆ ಇದ್ದಿದ್ದರೆ ಆ ಕಾಗದಗಳಲ್ಲಿ ಏನನ್ನು ಹುಡುಕಬೇಕೆಂಬುದು ಆಕೆಗೆ ಗೊತ್ತಾಗುತ್ತಿತ್ತೇ ಎಂಬುದನ್ನು ತಾವು ಯೋಚಿಸಬೇಕು.

ಇದಕ್ಕೆ ತದ್ವಿರುದ್ಧವಾದ ದಾರಿಯೊಂದೂ ಇದೆ. ಗಾರೆಯವನು ಇಟ್ಟಿಗೆ ಇಡುವ ಕೈಚಲನೆಯನ್ನು ಅಳೆದು ಹೆಸರಾದ ಫ್ರಾಂಕ್ ಗಿಲ್ಬ್ರೆತ್ ಎಂಬ ಅಮೆರಿಕದ ಸಲಹೆಗಾರ ಶಸ್ತ್ರಚಿಕಿತ್ಸೆಯ ಕೋಣೆಗೂ ಹೋಗಿ ಚಲನಚಿತ್ರ ತೆಗೆದ. ವೈದ್ಯರು ಕೊಯ್ಯುವುದರಲ್ಲಿಗಿಂತ ಉಪಕರಣ ಹುಡುಕುವುದರಲ್ಲಿ ಹೆಚ್ಚು ಹೊತ್ತು ಕಳೆಯುತ್ತಾರೆಂದು ತೋರಿಸಿ, ಪಕ್ಕದಲ್ಲಿ ದಾದಿ ನಿಂತು ಕೇಳಿದುದನ್ನು ಕೈಗೇ ಕೊಡಬೇಕೆಂದು ಹೇಳಿದ. ಇಂದು ಎಲ್ಲೆಡೆಯೂ ಹಾಗೆಯೇ ನಡೆಯುತ್ತದೆ. ಆತ ವೈದ್ಯನಲ್ಲ, ದಾದಿಯೂ ಅಲ್ಲ. ಆದುದರಿಂದ ಹೊರಗಿನವರ ಕಣ್ಣು ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಆದರೂ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಶಸ್ತ್ರವೈದ್ಯರ ಬಗ್ಗೆ ನನಗೆ ಹೆಚ್ಚು ಗೌರವ. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇಟ್ಟು, ಮನೆಗೆ ಹೋಗಿ ಒಂದು ವರ್ಷವಾದ ಮೇಲೆ ಆತ ನಿಜಕ್ಕೂ ಗುಣವಾದನೇ ಎಂದು ವಿಚಾರಿಸಬೇಕು, ಆಗದಿದ್ದರೆ ತಪ್ಪು ಯಾರದೆಂದು ಬರೆಯಬೇಕು ಎಂಬುದು ಅವರ ಹಟ. ದೊಡ್ಡ ಆಸ್ಪತ್ರೆ ಒಪ್ಪದೆ ಹೋದಾಗ 1914ರಲ್ಲಿ ಅಲ್ಲಿಯ ಹುದ್ದೆಯನ್ನು ಬಿಟ್ಟರು. ತಮ್ಮದೇ ಚಿಕ್ಕ ಆಸ್ಪತ್ರೆಯಿಂದ ಹೊರಹೋದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳಾಗಿವೆಯೆಂದು ತಾವೇ ಅಚ್ಚುಹಾಕಿಸಿ ಹಂಚಿದರು. ಪಾಪನಿವೇದನೆಯ ಪೀಠದಲ್ಲಿ ಕುಳಿತು ಜೀವಮಾನ ಕಳೆದ ನನಗೆ ಇಂತಹ ಲೆಕ್ಕದ ಬೆಲೆ ಗೊತ್ತು.

ಅಷ್ಟು ದೂರ ಏಕೆ? ಬೀಳಗಿ ಇಲ್ಲಿಂದ ಎಷ್ಟು ದೂರ? ಆ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರನ್ನು ನಮ್ಮ ಹಿರಿಯರಲ್ಲಿ ಅನೇಕರು ಕಂಡಿದ್ದಾರೆ. 1943ರಿಂದ ಊರೂರಿಗೆ ಹೋಗಿ ಶಾಲೆಗಳಲ್ಲಿ, ಛತ್ರಗಳಲ್ಲಿ ಕಣ್ಣಿನ ಪೊರೆಯನ್ನು ತೆಗೆದವರು. ಒಂದೇ ದಿನ 833 ಶಸ್ತ್ರಕ್ರಿಯೆ ಮಾಡಿದುದು ಗಿನ್ನೆಸ್ ದಾಖಲೆಯ ಪುಸ್ತಕದಲ್ಲಿ ಸೇರಿತು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಒಟ್ಟು ಶಸ್ತ್ರಕ್ರಿಯೆಗಳು 6,10,564 ಎಂದು ಅದೇ ಪುಸ್ತಕದ ಲೆಕ್ಕ. ಅವರ ಕೈಚಳಕವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಆಶ್ಚರ್ಯವೆನಿಸುವುದು ಕೈಚಳಕಕ್ಕಿಂತ ಅದರ ಹಿಂದಿನ ವ್ಯವಸ್ಥೆ. ಒಬ್ಬ ಮನುಷ್ಯ ಒಂದು ದಿನದಲ್ಲಿ ಎಂಟುನೂರು ಕಣ್ಣುಗಳನ್ನು ಮುಟ್ಟಬೇಕಾದರೆ ರೋಗಿಗಳನ್ನು ಸಾಲಾಗಿ ಮಲಗಿಸುವವರು ಯಾರು, ಕಣ್ಣು ತೊಳೆಯುವವರು ಯಾರು, ಕಟ್ಟು ಕಟ್ಟುವವರು ಯಾರು, ಊಟ ಯಾರದು, ಎಂಟನೆಯ ದಿನ ಕಟ್ಟು ಬಿಚ್ಚುವವರು ಯಾರು ಎಂಬುದೆಲ್ಲ ಮೊದಲೇ ನಿಶ್ಚಯವಾಗಿರಬೇಕು; ವೈದ್ಯರ ಒಂದು ನಿಮಿಷವೂ ಬೇರೆಯವರು ಮಾಡಬಹುದಾದ ಕೆಲಸಕ್ಕೆ ವೆಚ್ಚವಾಗಬಾರದು. ಇದನ್ನು ಇಂದಿನವರು ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಬೀಳಗಿಯ ಮಗ ಆ ಹೆಸರನ್ನು ಹೇಳದೆಯೇ ಅದನ್ನು ನಡೆಸಿದರು. 2005ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಸಂಖ್ಯೆಗಳನ್ನು ಬರೆದವು. ಸಾಲು ಹಿಡಿದು ನಿಂತಿದ್ದ ಆ ಸಹಾಯಕರ ಬಗ್ಗೆ ಹೆಚ್ಚಾಗಿ ಬರೆದುದು ನನ್ನ ಕಣ್ಣಿಗೆ ಬೀಳಲಿಲ್ಲ.

ಮದುರೈಯ ಡಾಕ್ಟರ್ ವೆಂಕಟಸ್ವಾಮಿಯವರು ಇದೇ ವಿದ್ಯೆಯನ್ನು ಇನ್ನೊಂದು ಮೆಟ್ಟಿಲು ಮೇಲಕ್ಕೆ ಒಯ್ದರು. ಸರ್ಕಾರಿ ಸೇವೆಯಿಂದ 58ನೆಯ ವಯಸ್ಸಿನಲ್ಲಿ ನಿವೃತ್ತರಾಗಿ, ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಿಂದಲೇ, 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಅಲ್ಲಿ ಶಸ್ತ್ರವೈದ್ಯರ ಮುಂದೆ ಎರಡು ಮೇಜುಗಳು. ಒಂದರ ಮೇಲಿನ ರೋಗಿಯ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದರ ಮೇಲಿನವರು ಸಿದ್ಧ. ಮುಂದೆ 1992ರಲ್ಲಿ ಲಯನ್ಸ್ ಸಂಸ್ಥೆಯ ನೆರವಿನಿಂದ ಅವರು ಸ್ಥಾಪಿಸಿದ ಸಂಸ್ಥೆಯ ಉದ್ಯೋಗವೇ ಬೇರೆ ಕಣ್ಣಾಸ್ಪತ್ರೆಗಳಿಗೆ ಸಲಹೆ ಕೊಡುವುದು. ವಾರ್ಡಿನಲ್ಲಿ ಪಳಗಿದವರೇ ಅಲ್ಲಿ ಉಪದೇಶಕರು. ತಮ್ಮ ಗುಟ್ಟನ್ನು ಎದುರಾಳಿಗೆ ಯಾವ ವ್ಯಾಪಾರಿಯೂ ಹೇಳಿಕೊಡುವುದಿಲ್ಲ. ಇವರು ಕರೆದು ಕೂರಿಸಿ ಹೇಳಿಕೊಟ್ಟರು.

ಇನ್ನು ನಮ್ಮವರ ಕಡೆಗೆ ಬರೋಣ. ಸಿಸ್ಟರ್ ಮೇರಿ ಗ್ಲೌರಿ ಎಂಬ ಹೆಸರನ್ನು ಇಲ್ಲಿ ಎಷ್ಟು ಜನ ಕೇಳಿದ್ದೀರೋ ತಿಳಿಯದು. 1887ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿ, ಮೆಲ್ಬೋರ್ನಿನಲ್ಲಿ ವೈದ್ಯಶಾಸ್ತ್ರ ಓದಿ, ಅಲ್ಲಿಯೇ ಕಣ್ಣಿನ ವೈದ್ಯೆಯಾಗಿ ಒಳ್ಳೆಯ ಹೆಸರು ಗಳಿಸಿದ್ದವರು. ಅದೆಲ್ಲವನ್ನೂ ಬಿಟ್ಟು 1920ರಲ್ಲಿ ಗುಂಟೂರಿಗೆ ಬಂದು ಕನ್ಯಾಸ್ತ್ರೀಯರ ಮಠವನ್ನು ಸೇರಿದರು. ಕನ್ಯಾಸ್ತ್ರೀಯಾದವಳು ವೈದ್ಯವೃತ್ತಿ ನಡೆಸಲು ಆ ಕಾಲದಲ್ಲಿ ರೋಮಿನಿಂದ ವಿಶೇಷ ಅನುಮತಿ ಬೇಕಾಗಿತ್ತು. ಅದನ್ನು ಪಡೆದು ಎರಡು ದಶಕಗಳಿಗೂ ಹೆಚ್ಚು ಕಾಲ ಬಡ ಹೆಂಗಸರ, ಮಕ್ಕಳ ಚಿಕಿತ್ಸೆ ಮಾಡಿದರು. ಅಷ್ಟರಲ್ಲಿ ಅವರಿಗೊಂದು ಸಂಗತಿ ಸ್ಪಷ್ಟವಾಯಿತು. ಊರೂರಿನಲ್ಲಿ ಸಿಸ್ಟರುಗಳು ಬೇರೆ ಬೇರೆಯಾಗಿ ದವಾಖಾನೆ ನಡೆಸುತ್ತ, ಒಬ್ಬರು ಮಾಡಿದ ತಪ್ಪನ್ನೇ ಇನ್ನೊಬ್ಬರು ಮತ್ತೆ ಮಾಡುತ್ತಿದ್ದಾರೆ. ತರಬೇತಿ ಪಡೆದ ದಾದಿಯರಿಲ್ಲ, ಔಷಧಿ ಕೊಳ್ಳುವುದರಲ್ಲಿ ಕೂಡುವಿಕೆಯಿಲ್ಲ. 1943ರಲ್ಲಿ ಹದಿನಾರು ಮಂದಿ ಸಿಸ್ಟರುಗಳು ಗುಂಟೂರಿನಲ್ಲಿ ಕಲೆತು ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದು ಮೂರು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ಸಿಸ್ಟರ್ ಮೇರಿಯವರು 1957ರಲ್ಲಿ ಬೆಂಗಳೂರಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಸಂಘ ಕಟ್ಟುವುದೆಂದರೆ ಪತ್ರ ಬರೆಯುವುದು, ಸಭೆ ಕರೆಯುವುದು, ನಿಯಮ ರೂಪಿಸುವುದು. ಆ ಹೊತ್ತಿನಲ್ಲಿ ಇನ್ನಷ್ಟು ರೋಗಿಗಳನ್ನು ನೋಡಬಹುದಾಗಿತ್ತಲ್ಲವೇ ಎಂದು ಯಾರಾದರೂ ಅವರನ್ನು ಕೇಳಿರಬಹುದು.

ನಮ್ಮ ಕಾಲದಲ್ಲಿಯೇ ಇನ್ನೊಂದು ನಿದರ್ಶನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾಕ್ಟರ್ ರವಿ ನಾರಾಯಣ್, ಡಾಕ್ಟರ್ ಥೆಲ್ಮಾ ನಾರಾಯಣ್ ದಂಪತಿಗಳು ಸಂಗಡಿಗರೊಂದಿಗೆ 1984ರಲ್ಲಿ ಆ ಭದ್ರವಾದ ಉದ್ಯೋಗವನ್ನು ಬಿಟ್ಟು ‘ಕಮ್ಯುನಿಟಿ ಹೆಲ್ತ್ ಸೆಲ್’ ಎಂಬ ಚಿಕ್ಕ ಕೂಟವನ್ನು ಆರಂಭಿಸಿದರು. ಅವರದು ಆಸ್ಪತ್ರೆಯಲ್ಲ. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವವರಿಗೆ ಜೊತೆಗೂಡಿ ಯೋಚಿಸುವುದು, ಕೇಳಿದವರಿಗೆ ಮಾರ್ಗ ಸೂಚಿಸುವುದು ಅವರ ಕಾಯಕ. 1999ರಲ್ಲಿ ಕರ್ನಾಟಕ ಸರ್ಕಾರ ಬಿಳಿಗಿರಿರಂಗನ ಬೆಟ್ಟದ ಡಾಕ್ಟರ್ ಸುದರ್ಶನರ ಅಧ್ಯಕ್ಷತೆಯಲ್ಲಿ ಆರೋಗ್ಯ ಕಾರ್ಯಪಡೆಯನ್ನು ನೇಮಿಸಿದಾಗ ಥೆಲ್ಮಾ ಅವರೂ ಅದರ ಸದಸ್ಯರಾಗಿದ್ದರು. ಸುದರ್ಶನರೂ ಕಾಡಿನ ಸೋಲಿಗರ ಗುಡಿಸಲುಗಳಿಂದ ಬಂದು ಇಡೀ ರಾಜ್ಯದ ಆರೋಗ್ಯ ಇಲಾಖೆಯ ದೋಷಗಳನ್ನು ಪಟ್ಟಿಮಾಡಿದವರೇ. ಇವರು ಯಾರೂ ಲಾಭದ ಸಲಹೆಗಾರರಲ್ಲ, ನಮ್ಮ ಹುಡುಗಿ ಸೇರುತ್ತಿರುವುದು ಸಂಬಳದ ಕಂಪನಿಯನ್ನು ಎಂದು ನೀವು ಆಕ್ಷೇಪಿಸುವಿರಿ. ಆಕ್ಷೇಪಣೆ ಸರಿಯಾದುದು. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ಹಲವು ವರ್ಷಗಳ ಹಿಂದೆ, ಬೇರೊಂದು ಜಿಲ್ಲೆಯಲ್ಲಿ, ಸಿಸ್ಟರುಗಳು ನಡೆಸುತ್ತಿದ್ದ ನಲವತ್ತು ಹಾಸಿಗೆಗಳ ಆಸ್ಪತ್ರೆಯ ಆಡಳಿತ ಸಮಿತಿಗೆ ನಾನು ಅಧ್ಯಕ್ಷನಾಗಿದ್ದೆ. ಮೂರು ವರ್ಷ ಸತತವಾಗಿ ಕೊರತೆ ಬಂದಿತ್ತು. ನಗರದಿಂದ ಸಲಹೆಗಾರರನ್ನು ಕರೆಸಿದೆವು. ಇಬ್ಬರು ಬಂದರು, ಸಭ್ಯರು, ಎರಡು ದಿನ ಇದ್ದರು, ಲೆಕ್ಕದ ಪುಸ್ತಕಗಳನ್ನು ಒಯ್ದರು. ತಿಂಗಳ ಬಳಿಕ ಅಂದವಾಗಿ ಕಟ್ಟಿದ ವರದಿ ಬಂದಿತು. ಹೆರಿಗೆ ವಾರ್ಡಿನ ಹಾಸಿಗೆಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಲಿ ಬಿದ್ದಿರುತ್ತವೆ, ತಿಂಗಳಿಗೆ ಆಗುವ ಹೆರಿಗೆ ಮೂವತ್ತು ಮಾತ್ರ, ರಾತ್ರಿ ಪಾಳಿಗೆ ಇಬ್ಬರು ದಾದಿಯರನ್ನು ಅದಕ್ಕಾಗಿ ಇಡುವುದು ದಂಡ. ಆದುದರಿಂದ ರಾತ್ರಿಯ ಹೆರಿಗೆ ಸೇವೆಯನ್ನು ನಿಲ್ಲಿಸತಕ್ಕದ್ದು ಎಂದು ಅದರ ಸಾರ. ವಾರ್ಡಿನ ಹಿರಿಯ ದಾದಿ ಸಭೆಯಲ್ಲಿ ಎದ್ದು ನಿಂತು ಏನನ್ನೋ ಹೇಳಲು ಹೊರಟರು. ಅಂಕಿಗಳು ನಮ್ಮ ಮುಂದಿವೆಯಲ್ಲ, ಕುಳಿತುಕೊಳ್ಳಿರಿ ಎಂದು ನಾನೇ ಹೇಳಿದೆ. ಸಹಿಯನ್ನೂ ಹಾಕಿದೆ.

ಮಳೆಗಾಲದ ಒಂದು ರಾತ್ರಿ ಟ್ರ್ಯಾಕ್ಟರಿನಲ್ಲಿ ಒಬ್ಬ ಬಸುರಿಯನ್ನು ಕರೆತಂದರು. ಕಾವಲುಗಾರ ಆದೇಶದಂತೆ ತಾಲೂಕಿನ ಊರಿಗೆ ಹೋಗಿರೆಂದು ಹೇಳಿದ. ಅರ್ಧ ದಾರಿಯಲ್ಲಿ ಹೆರಿಗೆಯಾಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಆಕೆ ನಮ್ಮ ಧರ್ಮದವಳಲ್ಲ. ಯಾರೂ ನಮ್ಮನ್ನು ದೂರಲಿಲ್ಲ, ದೈವೇಚ್ಛೆ ಎಂದರು. ದೈವೇಚ್ಛೆಯೆಂಬ ಮಾತು ಆ ದಿನ ನನ್ನ ಕಿವಿಗೆ ಕಹಿಯಾಗಿ ಕೇಳಿಸಿತು, ಏಕೆಂದರೆ ಕಾಗದದ ಕೆಳಗಿದ್ದುದು ನನ್ನ ಸಹಿ.

ವರದಿಯಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದನ್ನೇ ನಾನು ನಿಮಗೆ ಹೇಳಬೇಕೆಂದಿರುವುದು. ಆ ಹಿರಿಯ ದಾದಿಯ ಬಳಿಗೆ ಹೋಗಿ ಅಂದು ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿದೆ. ತಿಂಗಳಿಗೆ ಮೂವತ್ತು ಎಂದರೆ ದಿನಕ್ಕೊಂದು ಎಂದು ಕಾಗದ ಹೇಳುತ್ತದೆ, ಹೆರಿಗೆ ಹಾಗೆ ಬರುವುದಿಲ್ಲ ಎಂದರು. ಆಮೇಲೆ ಲೆಕ್ಕ ಬಲ್ಲ ಮೇಷ್ಟ್ರೊಬ್ಬರು ನನಗೆ ಬಿಡಿಸಿ ತೋರಿಸಿದರು: ಸರಾಸರಿ ದಿನಕ್ಕೊಂದು ಇದ್ದರೆ ತಿಂಗಳಲ್ಲಿ ಸುಮಾರು ಹನ್ನೊಂದು ದಿನ ಒಂದೂ ಇರುವುದಿಲ್ಲ, ಎರಡು ಮೂರು ದಿನಗಳಲ್ಲಿ ಮೂರೋ ಅದಕ್ಕಿಂತ ಹೆಚ್ಚೋ ಒಟ್ಟಿಗೆ ಬರುತ್ತವೆ. ಖಾಲಿ ಹಾಸಿಗೆ ಕೆಲಸವಿಲ್ಲದೆ ಬಿದ್ದಿರುವ ಹಾಸಿಗೆಯಲ್ಲ. ಅದು ಕಾಯುತ್ತಿರುವ ಹಾಸಿಗೆ. ಇದು ಆ ದಾದಿಗೆ ಗಣಿತ ಓದದೆಯೇ ಗೊತ್ತಿತ್ತು. ಹೇಳಲು ಎದ್ದಾಗ ಕೂರಿಸಿದವನು ನಾನು.

ಮುಂದಿನ ವರ್ಷ ಸಿಸ್ಟರುಗಳು ಮತ್ತೊಬ್ಬ ಸಲಹೆಗಾರರನ್ನು ಕರೆಸಿದರು. ಈಕೆ ಹದಿನಾಲ್ಕು ವರ್ಷ ದಾದಿಯಾಗಿದ್ದು ಆ ವೃತ್ತಿಗೆ ಹೋದವರು. ಒಂಬತ್ತು ದಿನ ಇದ್ದರು, ಅದರಲ್ಲಿ ನಾಲ್ಕು ರಾತ್ರಿ ವಾರ್ಡಿನಲ್ಲಿ. ಮೊದಲು ಕೇಳಿದುದು ಲೆಕ್ಕದ ಪುಸ್ತಕವನ್ನಲ್ಲ. ರಾತ್ರಿ ಪಾಳಿಯ ವರದಿ ಪುಸ್ತಕವನ್ನು ಮತ್ತು ಔಷಧಿ ಕೋಣೆಯ ಬೀಗದ ಕೈಯನ್ನು. ಯಾವ ಆಸ್ಪತ್ರೆಯಲ್ಲಿಯೂ ಕೊಳ್ಳುವ ಔಷಧಿಗಳಲ್ಲಿ ಹತ್ತರಲ್ಲಿ ಒಂದು ಪಾಲು ಬಗೆಗಳಿಗೇ ಹಣದ ಮುಕ್ಕಾಲು ಭಾಗ ಹೋಗುತ್ತದೆಂದೂ, ಆ ಕೆಲವನ್ನು ಕಾದರೆ ಸಾಕೆಂದೂ ಹೇಳಿ ಪಟ್ಟಿ ಮಾಡಿಸಿದರು. ಅದೇ ಪಟ್ಟಿಯಲ್ಲಿ, ಇಲ್ಲದಿದ್ದರೆ ಜೀವ ಹೋಗುವ ಔಷಧಿ ಯಾವುದು, ನಾಲ್ಕು ದಿನ ತಡೆಯಬಹುದಾದುದು ಯಾವುದು ಎಂದು ಬೇರೆ ಗುರುತು ಹಾಕಿಸಿದರು, ಏಕೆಂದರೆ ಬೆಲೆ ಕಡಿಮೆಯಾದುದರಿಂದ ಮರೆತುಹೋಗುವ ಔಷಧಿಯೇ ಬಾಣಂತಿಯ ರಕ್ತಸ್ರಾವ ನಿಲ್ಲಿಸುವುದು ಎಂಬುದು ಅವರಿಗೆ ಗೊತ್ತಿತ್ತು. ಕಪಾಟಿನ ಹಿಂಭಾಗದಲ್ಲಿ ಅವಧಿ ಮೀರಿದ ಪೆಟ್ಟಿಗೆಗಳು ಸಿಕ್ಕವು. ವಿಮೆಯ ಹಣ ಒಂದೊಂದು ಸಹಿ ಇಲ್ಲದ ಕಾರಣಕ್ಕೆ ಹಿಂದಿರುಗಿ ಹೋಗಿದ್ದುದು ಬಯಲಾಯಿತು. ನಮ್ಮ ಕೊರತೆ ಸೋರುತ್ತಿದ್ದುದು ಅಲ್ಲಿ. ರಾತ್ರಿಯ ಹೆರಿಗೆ ಸೇವೆ ಮರಳಿ ಆರಂಭವಾಯಿತು: ಒಬ್ಬ ದಾದಿ ಪಾಳಿಯಲ್ಲಿ, ಇನ್ನೊಬ್ಬರು ಆವರಣದ ಮನೆಯಲ್ಲಿ ಕರೆದರೆ ಬರುವಂತೆ. ಕೊರತೆ ಪೂರ್ತಿ ಹೋಗಲಿಲ್ಲ, ಇಳಿಯಿತು. ಇಷ್ಟೇ ನಡೆದುದು. ಪವಾಡವೇನೂ ಅಲ್ಲ.

ಆದುದರಿಂದ ಆ ತಾಯಿಗೆ ನನ್ನ ಉತ್ತರ ಇದು: ಅಮ್ಮಾ, ಲೆಕ್ಕ ಬರೆಯಲು ಯಾರಾದರೂ ಹೋಗಿಯೇ ಹೋಗುತ್ತಾರೆ. ರಾತ್ರಿ ಪಾಳಿ ಮಾಡಿದವಳು ಹೋಗಲಿ.

ಮಗಳಿಗೆ ಕೊಡುವ ಉತ್ತರ ಇಷ್ಟು ಸುಲಭವಲ್ಲ. ಓಡಿಹೋಗುತ್ತಿದ್ದೇನೆಯೇ ಎಂದು ಕೇಳಿದಳು. ಸ್ವಲ್ಪ ಮಟ್ಟಿಗೆ ಹೌದು, ಮತ್ತು ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ಹನ್ನೊಂದು ವರ್ಷ ರೋಗಿಗಳನ್ನು ಎತ್ತಿ ಬೆನ್ನು ನೋಯುತ್ತಿದೆ. ರಾತ್ರಿ ಪಾಳಿಯಿಂದ ಮಕ್ಕಳ ಮುಖ ನೋಡಿಲ್ಲ. ಸಂಬಳದ ಮಾತು ಬಿಡಿ. ಸೇವೆಯೆಂಬ ಪವಿತ್ರವಾದ ಶಬ್ದವನ್ನು ಮುಂದೆ ಮಾಡಿ ದಾದಿಯರಿಗೆ ಕಡಿಮೆ ಕೊಡುವುದು ಈ ದೇಶದಲ್ಲಿ ಹಳೆಯ ರೂಢಿ, ಧರ್ಮಸಂಸ್ಥೆಗಳೂ ಅದಕ್ಕೆ ಹೊರತಾಗಿರಲಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದು ಹೇಳಬೇಕಾಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿ ಹೇಳಿಸಬೇಕಾದ ಮಾತೇ ಅದು? ಬೇಸತ್ತು ಹೊರಟವಳನ್ನು ತ್ಯಾಗ ಮಾಡಲಿಲ್ಲವೆಂದು ದೂರುವ ಅಧಿಕಾರ, ಆಕೆಯ ಸಂಬಳವನ್ನು ನಿಗದಿ ಮಾಡಿದ ನಮ್ಮಂಥ ಸಮಿತಿಯವರಿಗಿಲ್ಲ.

ಆದರೆ ಮಗಳೇ, ಅಲ್ಲಿ ಒಂದು ವ್ಯತ್ಯಾಸ ನಿನ್ನನ್ನು ಕಾಡಲಿದೆ. ವಾರ್ಡಿನಲ್ಲಿ ನೀನು ಉತ್ತರ ಕೊಡಬೇಕಾದುದು ಹಾಸಿಗೆಯ ಮೇಲಿರುವವನಿಗೆ. ಹೊಸ ಕೆಲಸದಲ್ಲಿ ಹಣ ಕೊಡುವವನು ಆಸ್ಪತ್ರೆಯ ಮಾಲೀಕ. ಅವನಿಗೆ ಬೇಕಾದ ಉತ್ತರ ಅನೇಕ ವೇಳೆ ಅವನ ಮನಸ್ಸಿನಲ್ಲಿ ಮೊದಲೇ ಇರುತ್ತದೆ. ಅದಕ್ಕೊಂದು ವರದಿಯ ಹೊದಿಕೆ ಬೇಕಾಗಿರುತ್ತದೆ. ಸೂಲಗಿತ್ತಿಯರನ್ನು, ಆಯಾಗಳನ್ನು ಕಡಿಮೆ ಮಾಡಬೇಕೆಂದಿರುವವನು ಅದನ್ನು ನಿನ್ನ ಬಾಯಿಂದ ಹೇಳಿಸುತ್ತಾನೆ, ಏಕೆಂದರೆ ನೀನು ದಾದಿಯಾಗಿದ್ದವಳು, ನಿನ್ನ ಮಾತಿಗೆ ತೂಕ ಹೆಚ್ಚು. ಆಗ ನಿನ್ನ ಹನ್ನೊಂದು ವರ್ಷಗಳನ್ನೇ ಅವನು ಕೊಂಡುಕೊಂಡಂತಾಗುತ್ತದೆ. ಎರಡನೆಯದಾಗಿ, ನೀನು ಅಲ್ಲಿ ಉಳಿಯುವುದಿಲ್ಲ. ದಾದಿ ತಪ್ಪು ಔಷಧಿ ಕೊಟ್ಟರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸಲಹೆ ತಪ್ಪಾದರೆ ಅದು ಮಳೆಗಾಲದ ಒಂದು ರಾತ್ರಿ ತಿಳಿಯುತ್ತದೆ, ಆ ಹೊತ್ತಿಗೆ ನೀನು ಬೇರೊಂದು ಊರಿನಲ್ಲಿ ಬೇರೊಂದು ವರದಿ ಬರೆಯುತ್ತಿರುತ್ತೀಯೆ. ನಮಗೆ ವರದಿ ಕೊಟ್ಟುಹೋದ ಆ ಇಬ್ಬರು ಸಭ್ಯರಿಗೆ ಇಂದಿಗೂ ಆ ಕೂಸಿನ ವಿಷಯ ತಿಳಿದಿಲ್ಲ. ನಾವೂ ತಿಳಿಸಲಿಲ್ಲ. ಕಾಡ್ಮನ್ ವೈದ್ಯರ ಚೀಟಿಯ ಮಾತನ್ನು ನಾನು ಸುಮ್ಮನೆ ಹೇಳಲಿಲ್ಲ. ವರ್ಷ ಕಳೆದ ಮೇಲೆ ನಿನ್ನದೇ ಖರ್ಚಿನಲ್ಲಾದರೂ ಆ ಊರಿಗೆ ಒಂದು ಪತ್ರ ಬರೆದು ಏನಾಯಿತೆಂದು ಕೇಳು.

ಮಾತು ಬದಲಾಗುವುದನ್ನೂ ಗಮನಿಸಿಕೋ. ಇಂದು ನೀನು ‘ಏಳನೆಯ ಹಾಸಿಗೆಯ ಅಜ್ಜಿ’ ಎನ್ನುತ್ತೀಯೆ. ಆರು ತಿಂಗಳಲ್ಲಿ ‘ಹಾಸಿಗೆಯ ಬಳಕೆ ಪ್ರತಿಶತ ಇಷ್ಟು’ ಎನ್ನಲು ಕಲಿಯುತ್ತೀಯೆ; ಕಲಿಯಲೇಬೇಕು. ಅಜ್ಜಿಯನ್ನು ಮರೆತು ಕಲಿತರೆ ಮಾತ್ರ ಕಷ್ಟ. ದಾದಿಯರ ಪರಿಷತ್ತಿನಲ್ಲಿರುವ ನಿನ್ನ ನೋಂದಣಿಯನ್ನು ಬಿಡಬೇಡ, ಕಾಲಕಾಲಕ್ಕೆ ನವೀಕರಿಸುತ್ತಿರು. ಬೇಸರವಾದ ದಿನ ಮರಳಿ ಬರಲು ಬಾಗಿಲು ತೆರೆದಿದೆಯೆಂದು ಗೊತ್ತಿದ್ದರೆ ಬೇಡವೆನಿಸಿದ ಕಾಗದಕ್ಕೆ ಸಹಿ ಹಾಕದಿರುವ ಧೈರ್ಯ ಬರುತ್ತದೆ. ನನಗೆ ಆ ದಿನ ಅಂತಹ ಧೈರ್ಯವಿರಲಿಲ್ಲ.

ಸಂತ ಲೂಕರು ವೈದ್ಯರಾಗಿದ್ದರೆಂಬುದು ನಮಗೆಲ್ಲ ತಿಳಿದ ವಿಷಯ. ಅವರು ಗುಣಪಡಿಸಿದ ಒಬ್ಬ ರೋಗಿಯ ಹೆಸರೂ ನಮಗೆ ತಿಳಿಯದು. ಅವರು ಹಿಡಿದ ಲೇಖನಿಯನ್ನು ಬಲ್ಲೆವು. ಆದರೂ ಅವರ ಶುಭಸಂದೇಶವನ್ನು ಓದುವಾಗ ರೋಗಿಗಳ ಬಗ್ಗೆ ಅಲ್ಲಿರುವ ಅಕ್ಕರೆ ಒಬ್ಬ ವೈದ್ಯನದೇ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಇದು ಪಂಡಿತರು ಒಪ್ಪುವ ಮಾತೋ ಅಲ್ಲವೋ, ನನ್ನ ಸ್ವಂತ ಅನಿಸಿಕೆ.

ನಮ್ಮ ಭಾಗದ ಹಿರಿಯರು ಗಾಡಿ ಕಟ್ಟಿಕೊಂಡು ಚಿಕಿತ್ಸೆಗಾಗಿ ಮಿರಜದವರೆಗೆ ಹೋಗುತ್ತಿದ್ದ ಕಾಲವನ್ನು ಕೆಲವರಾದರೂ ಕೇಳಿ ಬಲ್ಲಿರಿ. ಇಂದು ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಕಾಲೇಜಿದೆ, ಜಮಖಂಡಿ ಮುಧೋಳಗಳಲ್ಲಿ ಬೀದಿಗೊಂದು ದವಾಖಾನೆ ಇದೆ. ದವಾಖಾನೆಗಳು ಇಲ್ಲವೆಂಬುದು ಅಂದಿನ ದುಃಖ. ಇರುವ ದವಾಖಾನೆ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ, ಎಷ್ಟು ಕೇಳುತ್ತದೆ, ರಾತ್ರಿ ಬಾಗಿಲು ತೆರೆಯುತ್ತದೆಯೇ ಎಂಬುದು ಇಂದಿನ ದುಃಖ. ಅದನ್ನು ಸರಿಪಡಿಸಲು ಹೋಗುವವರಲ್ಲಿ ಹುನ್ನೂರಿನ ಒಬ್ಬಳು ಇರುವುದು ನನಗೆ ಸಮಾಧಾನದ ಸಂಗತಿ.

ಆಕೆ ಉತ್ಸವಕ್ಕಾಗಿ ಊರಿಗೆ ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ತಾಯಿಯ ಪಕ್ಕದಲ್ಲಿ ಕುಳಿತಿದ್ದಾಳೆ. ನಾನು ಹಿಂದೆ ಇದ್ದ ಆ ಆಸ್ಪತ್ರೆಯ ವರದಿಯ ಪ್ರತಿಯೊಂದು ನನ್ನ ಬಳಿ ಇಂದಿಗೂ ಇದೆ. ಹೊಸ ಕೆಲಸಕ್ಕೆ ಹೋಗುವ ಮೊದಲು ಅದನ್ನು ಓದಿ, ತಾನಾಗಿದ್ದರೆ ಎಲ್ಲಿ ಏನು ಕೇಳುತ್ತಿದ್ದೆನೆಂದು ಅಂಚಿನಲ್ಲಿ ಬರೆದುಕೊಡುವುದಾಗಿ ಒಪ್ಪಿದ್ದಾಳೆ. ನಾಳೆ ಬೆಳಗಿನ ಪೂಜೆಯ ಬಳಿಕ ಅದನ್ನು ಕೊಡುತ್ತೇನೆ. ಕೊನೆಯ ಪುಟದಲ್ಲಿ ನನ್ನ ಸಹಿ ಇದೆ.